ಆರು ವರ್ಷದ ಅಳತೆ

ನಮ್ಮತ್ತೆ ಒಂದೊಂದು ಮಗುವಿನ ಅಳತೆ ತೆಗೆದುಕೊಂಡು ಶಾಲೆಯ ಸಮವಸ್ತ್ರ ಹೊಲಿದವರೇ ಅಲ್ಲ. ಬೇಸಿಗೆ ರಜೆ ಹತ್ತಿರ ಬಂದಾಗ, ಬಿಸಿಲು ಏರುವ ಹೊತ್ತಿಗೆ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಾಲ್ಕನಿಗಳನ್ನು ಓದುತ್ತಿದ್ದರು. ಓದುತ್ತಿದ್ದರು ಎಂದೇ ಹೇಳಬೇಕು. ಯಾವ ತಂತಿಯ ಮೇಲೆ ಏನು ಒಣಗುತ್ತಿದೆ ಎಂದು ನೋಡಿಯೇ ಆ ವರ್ಷ ಯಾವ ವಯಸ್ಸಿನವರಿಗೆ ಎಷ್ಟು ಬಟ್ಟೆ ಕತ್ತರಿಸಬೇಕೆಂದು ತೀರ್ಮಾನಿಸುತ್ತಿದ್ದರು.

“ಬೀಗದ ಅಂಗಡಿಯವರ ಮನೇಲಿ ಲಂಗೋಟಿ ಹೋಗಿ ಚಡ್ಡಿ ಬಂತು ನೋಡೇ. ಇನ್ನೆರಡು ವರ್ಷಕ್ಕೆ ನಮ್ಮ ಗಿರಾಕಿ,” ಎನ್ನುವರು. “ಮೂರನೇ ಮಹಡಿಯವಳ ಮಗಳು ಸಿಕ್ಕಾಪಟ್ಟೆ ಉದ್ದ ಆಗಿದ್ದಾಳೆ. ಅವಳಿಗೆ ಹತ್ತರದು ಸಾಲಲ್ಲ, ಹನ್ನೊಂದರದು ತೆಗಿ.” ಆಮೇಲೆ ಸೊಂಟದ ಮೇಲೆ ಕೈಯಿಟ್ಟು, “ಅಯ್ಯೋ, ಪೋಸ್ಟ್‌ಮ್ಯಾನ್ ಹೆಂಡತಿ ಮತ್ತೆ ಲಂಗೋಟಿ ಹರವಿದ್ದಾಳಲ್ಲೇ! ಮೂರು ಮಕ್ಕಳ ಗಲಾಟೆ ಮಧ್ಯೆ ನಾಲ್ಕನೇದಕ್ಕೆ ಪುರುಸೊತ್ತಾದ್ರೂ ಎಲ್ಲಿ ಸಿಕ್ತೋ ಇವಳಿಗೆ!”

ಎದುರು ಬಾಲ್ಕನಿಯಿಂದ ಪೋಸ್ಟ್‌ಮ್ಯಾನ್ ಹೆಂಡತಿಯೇ ಉತ್ತರ ಕೊಡುತ್ತಿದ್ದಳು. “ನಿಮ್ಮ ಅಂಗಡಿ ನಡೀಲಿ ಅಂತಾನೇ ಹೆತ್ತಿದ್ದು, ಕತ್ತರಿ ಅತ್ತೆ!”

ಬೀದಿಗೆಲ್ಲ ಅವರು ಕತ್ತರಿ ಅತ್ತೆಯೇ. ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಕೆಳಗೆ ಅಂಗಡಿ, ಮೇಲೆ ನಮ್ಮ ಎರಡು ಕೋಣೆ. ನನ್ನನ್ನು ಬಂದ ಹೊಸತರಲ್ಲೇ ಹೊಲಿಗೆ ಯಂತ್ರದ ಮುಂದೆ ಕೂರಿಸಿದ್ದರು. “ಹೊಲಿಯೋದು ನಿಂದು. ಕತ್ತರಿ ಮುಟ್ಟೋ ಹಾಗಿಲ್ಲ,” ಎಂದಿದ್ದರು. ನಾನು ಮುಟ್ಟಲಿಲ್ಲ. ಉದ್ದನೆಯ ಮೇಜಿನ ಆ ಬದಿ ಅವರು, ಈ ಬದಿ ನಾನು. ಅವರ ಹಿಂದಿನ ಗೋಡೆಯ ಮೊಳೆಗಳಲ್ಲಿ ದಪ್ಪ ಕಂದು ಕಾಗದದ ಅಚ್ಚುಗಳು ವಯಸ್ಸಿನ ಪ್ರಕಾರ ತೂಗುತ್ತಿದ್ದವು. ಹರೆಯದಲ್ಲಿ ಅವರೇ ಬೀದಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿಕೊಂಡು ಮಾಡಿದ ಅಚ್ಚುಗಳು. ಯಾವುದಾದರೂ ಹರಿದರೆ ಅದನ್ನೇ ಹೊಸ ಕಾಗದದ ಮೇಲಿಟ್ಟು ಇನ್ನೊಂದು ತೆಗೆಯುತ್ತಿದ್ದರು. ಬಟ್ಟೆ ಹರವಿ, ಅಚ್ಚು ಇಟ್ಟು, ಚಾಕ್ ಎಳೆದು, ಕರಕರ ಎಂದು ಕತ್ತರಿಸಿ ನನ್ನ ಕಡೆ ತಳ್ಳುವರು. ಶಾಲೆ ಶುರುವಾಗುವ ಹಿಂದಿನ ವಾರ ತಾಯಂದಿರು ಮಕ್ಕಳ ರಟ್ಟೆ ಹಿಡಿದುಕೊಂಡು ಬಂದರೆ, ಕಪಾಟಿನಿಂದ ಒಂದು ಜೊತೆ ತೆಗೆದು ಮಗುವಿನ ಬೆನ್ನಿಗೆ ಹಿಡಿಯುವುದು ಅಷ್ಟೇ. ಸರಿಯಾಗಿಯೇ ಇರುತ್ತಿತ್ತು. ಅಂಚನ್ನು ಮಾತ್ರ ನಾಲ್ಕು ಬೆರಳಗಲ ಮಡಚಿ ಹೊಲಿಸುತ್ತಿದ್ದರು. ಮಗು ಬೆಳೆದಂತೆ ಬಿಚ್ಚಿ ಇಳಿಸಿಕೊಳ್ಳಲಿ ಎಂದು.

ನಮ್ಮ ಮನೆಯ ತಂತಿ ಹಿಂಭಾಗದಲ್ಲಿತ್ತು. ಅದರ ಮೇಲೆ ಚಿಕ್ಕ ಬಟ್ಟೆ ಒಣಗಲೇ ಇಲ್ಲ. ಇಡೀ ಬೀದಿಯ ತಂತಿಗಳನ್ನು ಗಟ್ಟಿ ಗಂಟಲಲ್ಲಿ ಓದಿ ಹೇಳುತ್ತಿದ್ದ ಅತ್ತೆ ನಮ್ಮದನ್ನು ಒಂದು ದಿನವೂ ಓದಲಿಲ್ಲ. ಅದೊಂದಕ್ಕಾಗಿ ನಾನು ಅವರ ಎಷ್ಟೋ ಸಿಡುಕನ್ನು ನುಂಗಿಕೊಂಡಿದ್ದೇನೆ.

ಬೀದಿ ಖಾಲಿಯಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಒಂದು ದಿನ ಆದದ್ದಲ್ಲ ಅದು. ಮೊದಲು ಲಂಗೋಟಿಗಳು ಕಾಣೆಯಾದವು. ಆಗ ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಚಡ್ಡಿ, ಫ್ರಾಕುಗಳು ಇನ್ನೂ ಇದ್ದವಲ್ಲ. ಫ್ರಾಕುಗಳು ಉದ್ದವಾದವು, ಕಾಲೇಜಿನ ಬಟ್ಟೆಯಾದವು, ಮದುವೆಯಾಗಿ ಹೋದವು. ಗಂಡುಮಕ್ಕಳೂ ಮದುವೆಯಾದರು. ಎರಡು ಕೋಣೆಯ ಮನೆಯಲ್ಲಿ ಎರಡು ಸಂಸಾರ ಎಲ್ಲಿ ಹಿಡಿಸುತ್ತದೆ? ಊರ ಅಂಚಿನಲ್ಲಿ ಹೊಸ ಬಡಾವಣೆಗಳು ಎದ್ದಿದ್ದವು. ಅಲ್ಲಿ ಬಾಡಿಗೆ ಕಡಿಮೆ, ಗಾಳಿ ಹೆಚ್ಚು, ಎರಡು ಬಸ್ಸು ಬದಲಾಯಿಸಬೇಕು ಅಷ್ಟೇ. ಒಬ್ಬರ ಹಿಂದೆ ಒಬ್ಬರು ಹೋದರು. ಯಾರೂ ದೂರ ಹೋಗಲಿಲ್ಲ, ಅದೇ ಊರು. ಆದರೂ ಹೋದವರು ಹೋದವರೇ ಆದರು.

ಅವರು ಬಿಟ್ಟ ಮನೆಗಳು ಖಾಲಿಯೇನೂ ಉಳಿಯಲಿಲ್ಲ. ಪೋಸ್ಟ್‌ಮ್ಯಾನ್ ಮನೆ ವಿದ್ಯುತ್ ಸಾಮಾನಿನ ಗೋದಾಮಾಯಿತು. ಬೀಗದ ಅಂಗಡಿಯ ಮೇಲೆ ಕೊರಿಯರ್ ಕಚೇರಿ ಬಂತು. ಮೂರನೇ ಮಹಡಿಗಳಲ್ಲಿ ಒಂದೊಂದು ಕೋಣೆಗೆ ಆರೇಳು ಜನ ಕೆಲಸದ ಹುಡುಗರು ಸೇರಿಕೊಂಡರು. ಅವರ ತಂತಿಗಳ ಮೇಲೆ ಒಂದೇ ಬಣ್ಣದ ಕಂಪನಿ ಅಂಗಿಗಳು ಸಾಲಾಗಿ ತೂಗುತ್ತಿದ್ದವು, ಹಾಜರಿಗೆ ನಿಂತವರ ಹಾಗೆ. ಹಗಲಲ್ಲಿ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ, ಅಷ್ಟು ಜನ. ಸಂಜೆ ಬಾಗಿಲುಗಳು ಇಳಿದರೆ ಮುಗಿಯಿತು, ನಾಯಿಗಳು ನಡುರಸ್ತೆಯಲ್ಲಿ ಮಲಗುತ್ತಿದ್ದವು. ಮೂಲೆಯ ಶಾಲೆಯಲ್ಲಿ ಮೊದಲು ಒಂದೊಂದು ತರಗತಿಗೆ ಎರಡೆರಡು ಕೋಣೆ ಇದ್ದದ್ದು ಒಂದಾಯಿತು. ಆಮೇಲೆ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದರು.

ಕಪಾಟಿನಲ್ಲಿ ಹಿಂದಿನ ವರ್ಷದ ಬಟ್ಟೆ ಉಳಿಯತೊಡಗಿತು. ದಿಂಬಿನ ಚೀಲ, ಪರದೆ, ಕೊರಿಯರ್‌ನವರ ಹರಿದ ಬ್ಯಾಗು, ಏನು ಬಂದರೂ ಹೊಲಿದೆವು. ನನ್ನವರು ತೀರಿಕೊಂಡ ಮೇಲೆ ಆ ಅಂಗಡಿಯೇ ನಮ್ಮಿಬ್ಬರ ಊಟ.

ಹೋದ ವರ್ಷ ರಜೆಗೆ ಮುಂಚೆ ನನ್ನ ನಾದಿನಿ ಬಂದಳು. ಅವಳೂ ಅಂಚಿನ ಬಡಾವಣೆಯಲ್ಲೇ ಇರುವವಳು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

“ಅತ್ತಿಗೆ, ನಮ್ಮ ಮನೆ ಹತ್ರ ಶಾಲೆ ಎದುರಿಗೇ ಒಂದು ಅಂಗಡಿ ಖಾಲಿ ಆಗಿದೆ. ಬೆಳಿಗ್ಗೆ ಗೇಟ್ ಮುಂದೆ ನಿಂತ್ರೆ ಮಕ್ಕಳು ಕಾಲಿಗೆ ಸಿಕ್ಕಿ ಬೀಳೋ ಹಾಗಾಗತ್ತೆ. ಒಬ್ಬ ದರ್ಜಿ ಇಲ್ಲ. ಮಾಲೀಕರು ಶಾಲೆ ಶುರುವಾಗೋವರೆಗೆ ಕಾಯ್ತಾರಂತೆ. ಆಮೇಲೆ ಮೊಬೈಲ್ ಅಂಗಡಿಯವನಿಗೆ ಕೊಟ್ಟುಬಿಡ್ತಾರೆ.”

“ಕೊಡ್ಲಿ,” ಎಂದರು ಅತ್ತೆ, ಕತ್ತರಿಯಿಂದ ಕಣ್ಣೆತ್ತದೆ.

“ಅಮ್ಮಾ, ಇಲ್ಲಿ ಯಾರಿಗೆ ಹೊಲೀತೀಯಾ? ನಾಯಿಗಳಿಗಾ?”

“ನಾಯಿಗೆ ಮಾನ ಮುಚ್ಚಿಕೊಳ್ಳೋ ಅಗತ್ಯ ಇಲ್ಲ. ಅಮ್ಮನ ಹತ್ರ ಹಿಂಗೆ ಮಾತಾಡೋರಿಗೆ ಬೇಕಾದ್ರೆ ಬಾಯಿಗೊಂದು ಚೀಲ ಹೊಲಿದು ಕೊಡ್ತೀನಿ.”

ನಾದಿನಿ ನನ್ನತ್ತ ನೋಡಿದಳು. ನಾನು ಯಂತ್ರದ ಗಾಲಿಯನ್ನು ಸುಮ್ಮನೆ ತಿರುಗಿಸುತ್ತಿದ್ದೆ. ನನಗೆ ಹೋಗಬೇಕಿತ್ತು. ಕೆಲಸಕ್ಕಾಗಿ ಮಾತ್ರವಲ್ಲ. ಮಕ್ಕಳು ಅಂಗಡಿಯಲ್ಲಿ ಕಾಲು ನೆಲಕ್ಕೆ ಬಡಿದು, “ಇದು ಚುಚ್ಚತ್ತೆ, ನಂಗೆ ಬೇಡ” ಎಂದು ಅಳುವ ಸದ್ದು ಕೇಳಿ ಎಷ್ಟು ಕಾಲವಾಗಿತ್ತು! ನನ್ನವಲ್ಲದ ಮಕ್ಕಳ ಸದ್ದಿನಲ್ಲೇ ನಾನು ಅಷ್ಟು ವರ್ಷ ತುಂಬಿಕೊಂಡು ಬದುಕಿದ್ದೆ. ಆದರೆ ಒಬ್ಬಳೇ ಹೋಗಿ ಮಾಡುವುದೇನು? ನನಗೆ ಕತ್ತರಿಸಲು ಬಾರದು. ಅತ್ತೆ ಬಂದರೆ ಅಂಗಡಿ, ಬಾರದಿದ್ದರೆ ಇಲ್ಲ.

“ಅತ್ತೆ, ಒಂದ್ಸಲ ಹೋಗಿ ನೋಡಿಕೊಂಡಾದ್ರೂ ಬರೋಣ,” ಎಂದೆ.

“ನೋಡೋಕೆ ಏನಿದೆ? ಮಕ್ಕಳನ್ನ ನಾನು ನೋಡಿಲ್ವಾ? ಈ ಬೀದೀಲಿ ಹುಟ್ಟಿದೋರೆಲ್ಲ ನನ್ನ ಕತ್ತರಿ ಕೆಳಗೆ ಬೆಳೆದವ್ರು. ಬರ್ತಾರೆ ಬಿಡೇ. ಅಲ್ಲಿ ಬಾಡಿಗೆ ಏರಿದ ದಿನ ತಿರುಗಿ ಬರ್ತಾರೆ.”

ಆ ವಾರದಲ್ಲೇ ಆದದ್ದು ಅದು. ಬೆಳಿಗ್ಗೆ ಅತ್ತೆ ಮೆಟ್ಟಿಲ ಮೇಲಿಂದ ಕೂಗಿದ ರಭಸಕ್ಕೆ ನನ್ನ ಕೈಯ ಚಹಾ ಚೆಲ್ಲಿತು.

“ಬಾರೇ ಇಲ್ಲಿ! ನಾನು ಹೇಳ್ಲಿಲ್ವಾ? ಟೀಚರಮ್ಮನ ಮನೆ ತಂತಿ ನೋಡು!”

ಎದುರು ಸಾಲಿನ ಎರಡನೇ ಮಹಡಿ. ಅದೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರಮ್ಮನ ಮನೆ. ತಂತಿಯ ತುಂಬ ಚಿಕ್ಕ ಚಿಕ್ಕ ಬಟ್ಟೆ. ಪುಟ್ಟ ಹಳದಿ ಫ್ರಾಕು, ಬನಿಯನ್ನು, ಗೇಣುದ್ದದ ಕಾಲುಚೀಲ. ಅದರಾಚೆಯ ಮನೆಯಲ್ಲೂ ಎರಡು ಚಡ್ಡಿ. ಇನ್ನೂ ಆಚೆ, ಮೂಲೆ ಮನೆಯಲ್ಲಿ, ಸ್ವೆಟರು.

ಅತ್ತೆಯ ಮುಖ ನೋಡಬೇಕಿತ್ತು. “ಐದಾರು ವರ್ಷದವು. ಈ ವರ್ಷವೇ ಶಾಲೆಗೆ ಹಾಕ್ತಾರೆ. ಬೂದು ಬಟ್ಟೆ ಥಾನು ಇಳಿಸು.”

“ಮಕ್ಕಳ ಸದ್ದೇ ಕೇಳ್ತಿಲ್ಲವಲ್ಲ ಅತ್ತೆ?”

“ಈಗಿನ ಮಕ್ಕಳು ಟೀವಿ ಮುಂದೆ ಕೂತ್ರೆ ಉಸಿರೂ ಬಿಡಲ್ಲ. ನೀನು ಥಾನು ಇಳಿಸು.”

ಆವತ್ತು ಅವರು ಊಟವನ್ನೂ ಮರೆತು ಕತ್ತರಿಸಿದರು. ಐದರದು, ಆರರದು, ಏಳರದು. ಹಾಡಿನಂಥದ್ದೇನೋ ಗುನುಗುತ್ತಿದ್ದರು. ಮೇಜಿನ ನನ್ನ ಬದಿಗೆ ಬೂದು ಬಟ್ಟೆ ಗುಡ್ಡೆಯಾಗಿ ಬಂತು.

ಮರುದಿನ ಟೀಚರಮ್ಮನ ಪರದೆ ಹೊಲಿದದ್ದನ್ನು ಕೊಡಲು ಅವರ ಮನೆಗೆ ಹೋದೆ. ಮಂಚದ ಮೇಲೆ ಅವೇ ಬಟ್ಟೆಗಳು, ಇಸ್ತ್ರಿಯಾಗಿ, ಗಾತ್ರದ ಪ್ರಕಾರ ಮಡಿಕೆಯಾಗಿ ಕೂತಿದ್ದವು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

“ಮೊಮ್ಮಗಳು ಬಂದಿದ್ದಾಳಾ?” ಎಂದೆ.

“ರಜೆಗೆ ಕರ್ಕೊಂಡು ಬರ್ತೀವಿ ಅಂದಿದ್ದಾರೆ, ಅವಳ ಅಪ್ಪ ಅಮ್ಮ. ಹೋದ ಸಲವೂ ಅಂದಿದ್ರು, ಆಗ್ಲಿಲ್ಲ ಪಾಪ. ಇಬ್ಬರಿಗೂ ಕೆಲಸ, ಆ ದೂರ. ಪೆಟ್ಟಿಗೇಲಿಟ್ಟ ಅವಳ ಬಟ್ಟೆ ಮುಗ್ಗಲು ವಾಸನೆ ಹಿಡಿಯತ್ತೆ ನೋಡು, ಅದಕ್ಕೆ ಬಿಸಿಲು ತೋರಿಸಿದೆ.” ಟೀಚರಮ್ಮ ನಕ್ಕರು. “ನಾನು ಹಾಕಿದ್ದು ನೋಡಿ ಆಚೆಮನೆಯವರೂ ತೆಗೆದು ಒಗೆದ್ರು. ಮೂಲೆ ಮನೆಯವರಿಗೂ ನೆನಪಾಯ್ತು. ನಮಗೆಲ್ಲ ಇನ್ನೇನು ಕೆಲಸ ಹೇಳು?”

ನಾನು ಮೆಟ್ಟಿಲಿಳಿದೆ. ಕೆಳಗೆ ಹೋಗಿ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೀದಿಯಲ್ಲಿ ಒಂದು ಮಗುವೂ ಇಲ್ಲ ಅತ್ತೆ, ನಡೆಯಿರಿ ಹೋಗೋಣ. ನನಗೆ ಬೇಕಾದದ್ದು ಅದೇ. ಆದರೆ ಅಂಗಡಿಯೊಳಗೆ ಅವರು ಕಾಜ ಎಲ್ಲಿ ಬರಬೇಕೆಂದು ಚಾಕ್‌ನಿಂದ ಚುಕ್ಕೆ ಇಡುತ್ತಿದ್ದರು, ಒಂದೊಂದು ಚುಕ್ಕೆಗೂ ನಾಲಿಗೆ ತುದಿ ಹೊರಗೆ ಬರುತ್ತಿತ್ತು. ನಾನು ಕೂತು ಯಂತ್ರ ತುಳಿದೆ. ಯಾರೂ ತೊಡದ ಸ್ಕರ್ಟಿಗೆ ನೆರಿಗೆ ಹಿಡಿಯುವುದು ಎಷ್ಟು ಕಷ್ಟದ ಕೆಲಸವೆಂದು ಆ ದಿನಗಳಲ್ಲಿ ನನಗೆ ತಿಳಿಯಿತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ.

ಹೇಳುವ ಕೆಲಸ ನನಗೆ ಉಳಿಯಲಿಲ್ಲ. ಟೀಚರಮ್ಮನೇ ಒಂದು ಹಳದಿ ಫ್ರಾಕು ಹಿಡಿದು ಅಂಗಡಿಗೆ ಬಂದರು.

“ಕತ್ತರಿ ಅತ್ತೆ, ಇದರ ಅಂಚು ಸ್ವಲ್ಪ ಇಳಿಸಿಕೊಡಿ. ಮೊಮ್ಮಗಳು ಈ ಸಲ ಖಂಡಿತ ಬರ್ತಾಳೆ. ಅವಳು ಕೊನೇ ಸಲ ಬಂದಾಗ ಹಾಕಿದ್ದು. ಈಗ ಬೆಳೆದಿರ್ತಾಳೆ.”

ಅತ್ತೆ ಫ್ರಾಕನ್ನು ತಿರುವಿದರು. ನಾಲ್ಕು ಬೆರಳಗಲದ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಅದು ನಾನು ಹೊಲಿದ ಅಂಚು, ಅವರು ಕತ್ತರಿಸಿದ ಫ್ರಾಕು. ಅವರ ಕಣ್ಣು ಒಮ್ಮೆ ಟೀಚರಮ್ಮನ ತಂತಿಯತ್ತ ಹೋಗಿ, ನನ್ನ ಪಕ್ಕದ ಬೂದು ಗುಡ್ಡೆಯತ್ತ ಬಂದು, ಕೊನೆಗೆ ನನ್ನ ಮೇಲೆ ನಿಂತಿತು. ನಾನು ತಲೆ ತಗ್ಗಿಸಿದೆ.

“ಎಷ್ಟು ಎತ್ತರ ಆಗಿದ್ದಾಳೆ?” ಎಂದು ಕೇಳಿದರು. ದನಿ ಮಾಮೂಲಿಯಾಗಿಯೇ ಇತ್ತು.

ಟೀಚರಮ್ಮ ಗಾಳಿಯಲ್ಲಿ ಕೈಯಿಟ್ಟರು. ಸೊಂಟದ ಹತ್ತಿರ. ಆಮೇಲೆ ಸ್ವಲ್ಪ ಮೇಲೆ. ಮತ್ತೆ ಕೆಳಗೆ. “ಗೊತ್ತಾಗ್ತಿಲ್ಲ ಕಣ್ರೀ. ದಿನಾ ಫೋನಲ್ಲಿ ನೋಡ್ತೀನಿ. ಆದ್ರೆ ಫೋನಲ್ಲಿ ಮುಖ ಕಾಣತ್ತೆ, ಎತ್ತರ ಎಲ್ಲಿ ಕಾಣತ್ತೆ?”

“ಇರ್ಲಿ, ಪೂರ್ತಿ ಇಳಿಸ್ತೀನಿ. ಉದ್ದ ಆದ್ರೆ ಪಿನ್ನು ಹಾಕಿ.”

ಟೀಚರಮ್ಮ ಹೋದ ಮೇಲೆ ಅತ್ತೆ ತಾವೇ ಸೂಜಿ ತೆಗೆದುಕೊಂಡು ಹೊಲಿಗೆ ಬಿಚ್ಚಲು ಕೂತರು. ಮಡಿಕೆಯ ಒಳಗಿನ ಬಟ್ಟೆ ಬಿಸಿಲು ಕಾಣದೆ ಹೊಸದರಂತೆ ಹಳದಿಯಾಗಿತ್ತು.

“ನಿನಗೆ ಗೊತ್ತಿತ್ತು,” ಎಂದರು.

“ಹ್ಞೂಂ.”

“ಗೊತ್ತಿದ್ದೂ ಅಷ್ಟೂ ಹೊಲಿದೆ?”

“ನೀವು ಕತ್ತರಿಸಿದ್ರಲ್ಲ.”

“ಚೆನ್ನಾಗಿದೆ! ನಾನು ಬಾವಿಗೆ ಬಿದ್ರೆ ನೀನೂ ಸೆರಗು ಸಿಕ್ಕಿಸಿ ಹಾರ್ತೀಯಾ?” ಎಂದು ಬೈದು, ಒಂದಿಷ್ಟು ಹೊಲಿಗೆ ಬಿಚ್ಚಿ ಮತ್ತೆ ಮಾತಾಡಿದರು. “ನೀನು ಹೋಗು. ಆ ಅಂಗಡಿ ಹಿಡಿ. ನಾನು ಇಲ್ಲೇ ಕತ್ತರಿಸಿ ಕೊಡ್ತೀನಿ, ಗಂಟು ಕಟ್ಕೊಂಡು ಬಸ್ಸಲ್ಲಿ ಹೋಗು. ಸಂಜೆ ಬಾ. ನಾನು ಮಾತ್ರ ಬರಲ್ಲ. ಬಲವಂತ ಮಾಡಿದ್ರೆ ಕತ್ತರೀನೂ ಕೊಡಲ್ಲ, ಅಚ್ಚೂ ಕೊಡಲ್ಲ.”

ಬಯಸಿದ್ದು ಕೈಗೆ ಬಂದಿತ್ತು. ಸಂತೋಷವಾಗಲಿಲ್ಲ. ನಾನು ಹೋಗಬೇಕೆಂದುಕೊಂಡಾಗಲೆಲ್ಲ ನನ್ನ ಕಣ್ಣ ಮುಂದೆ ಬಂದ ಅಂಗಡಿಯಲ್ಲಿ ಒಂದು ಉದ್ದ ಮೇಜಿತ್ತು, ಆ ಬದಿಯಲ್ಲಿ ಅತ್ತೆ ಇದ್ದರು. ಗಂಡನ ಜೊತೆ ಇದ್ದುದಕ್ಕಿಂತ ಹೆಚ್ಚು ಹೊತ್ತು ನಾನು ಅವರೆದುರು ಕೂತಿದ್ದೆ.

ಹೊಸ ಅಂಗಡಿಗೆ ಹೋಗುವ ಬಸ್ಸು ಬೆಳಿಗ್ಗೆ ಖಾಲಿ ಇರುತ್ತಿತ್ತು. ಎದುರಿನಿಂದ ಬರುವ ಬಸ್ಸುಗಳಲ್ಲಿ ಬಾಗಿಲವರೆಗೆ ಜನ ಜೋತಾಡುತ್ತಿದ್ದರು. ಅವರೆಲ್ಲ ನಮ್ಮ ಹಳೆಯ ಬೀದಿಗಳಿಗೆ ಕೆಲಸಕ್ಕೆ ಬರುವವರು. ಅವರಲ್ಲಿ ಎಷ್ಟು ಜನ ನಮ್ಮ ಕಪಾಟಿನ ಸಮವಸ್ತ್ರ ತೊಟ್ಟು ಬೆಳೆದವರೋ! ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ನಾನು ಅವರ ಮುಖಗಳನ್ನು ಹುಡುಕುತ್ತಿದ್ದೆ. ಬಸ್ಸುಗಳು ಒಂದನ್ನೊಂದು ದಾಟುವಷ್ಟರಲ್ಲಿ ಯಾರ ಮುಖವೂ ಸಿಗುತ್ತಿರಲಿಲ್ಲ.

ಬಡಾವಣೆಯಲ್ಲಿ ಕಟ್ಟಡಗಳು ಕತ್ತೆತ್ತಿ ನೋಡುವಷ್ಟು ಎತ್ತರ. ಒಂದು ಬಾಲ್ಕನಿಯಲ್ಲೂ ಬಟ್ಟೆಯಿಲ್ಲ. ಹೊರಗೆ ಒಣಹಾಕಬಾರದೆಂದು ನಿಯಮವಂತೆ. ಓದಲು ಏನೂ ಇಲ್ಲದ್ದರಿಂದ ನಾನು ಟೇಪು ಹಿಡಿದೆ. ಗಿರಾಕಿಗಳು ನಾದಿನಿ ಹೇಳಿದಂತೆಯೇ ಬಂದರು. ಬೆಳಿಗ್ಗೆಯಿಂದ ಅಳು, ನಗು, ಜಗಳ. ಒಂದು ಹುಡುಗಿ ನನ್ನ ಗುಂಡಿ ಡಬ್ಬವನ್ನು ನೆಲಕ್ಕೆ ಸುರಿದಳು. ಅವಳ ತಾಯಿ ಬೈಯುತ್ತಿದ್ದರೆ ನನಗೆ ಗುಂಡಿ ಹೆಕ್ಕುತ್ತ ಕಣ್ಣು ತುಂಬಿ ಬಂತು.

ತೊಂದರೆ ಶುರುವಾದದ್ದು ಬಟ್ಟೆ ತೊಡಿಸಿದಾಗ. ಅತ್ತೆ ಅಚ್ಚಿನ ಮೇಲೆ ಕತ್ತರಿಸಿದ ಆರು ವರ್ಷದ ಅಂಗಿ ಆರು ವರ್ಷದ ಮಗುವಿನ ಭುಜದಲ್ಲೇ ನಿಂತಿತು. ಗುಂಡಿ ಕಾಜದವರೆಗೆ ಬರಲಿಲ್ಲ. ಇನ್ನೊಂದು ಮಗು, ಅದೇ ಕಥೆ. ಅಂಚು ಬಿಚ್ಚಿದರೂ ಸ್ಕರ್ಟು ಮೊಣಕಾಲಿನ ಮೇಲೇ. ಸಂಜೆ ಮನೆಗೆ ಹೋಗಿ ಹೇಳಿದೆ.

“ಅಲ್ಲಿನ ಮಕ್ಕಳು ದೊಡ್ಡವು ಅತ್ತೆ. ಆರರವಕ್ಕೆ ನಮ್ಮ ಎಂಟರ ಅಳತೆ ಬೇಕು.”

“ವಯಸ್ಸು ಸುಳ್ಳು ಹೇಳ್ತಾರೆ.”

“ಶಾಲೆಯವರೇ ಹೇಳಿದ್ದು.”

“ಹಾಗಾದ್ರೆ ನೀನು ಟೇಪು ಸಡಿಲ ಹಿಡಿದಿದ್ದೀಯ. ಅಷ್ಟು ದೊಡ್ಡ ಆರು ವರ್ಷದ ಮಗು ಭೂಮಿ ಮೇಲಿಲ್ಲ. ನನ್ನ ಅಚ್ಚಿಗೆ ಹೆಸರಿಡ್ಬೇಡ, ಹೇಳಿದೀನಿ!”

ಮರುದಿನವೂ ಅದೇ ಆಯಿತು. ಮೂರನೆಯ ಸಲ ನಾನು ಗಂಟು ಹಿಂದಕ್ಕೆ ತಂದಾಗ ಅವರು ಆರರ ಅಚ್ಚನ್ನು ಮೊಳೆಯಿಂದ ಇಳಿಸಿದರು.

ಮಾರನೆಯ ದಿನ ಮಧ್ಯಾಹ್ನ, ಶಾಲೆ ಬಿಡುವ ಹೊತ್ತು. ಅಂಗಡಿ ತುಂಬ ಜನ. ಹೊರಗೆ ಯಾರೋ ಬೈಯುತ್ತಿರುವುದು ಕೇಳಿಸಿತು: “ಇದೇನು ಊರೋ, ಬಸ್ಸಿಂದಿಳಿದ್ರೆ ನೆರಳಿಗೊಂದು ಮರ ಇಲ್ಲ!” ನೋಡಿದರೆ ಅತ್ತೆ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಸುರುಳಿ ಸುತ್ತಿದ ಅಚ್ಚು. ಮುಖ ಬೆವರಿ ಕೆಂಪಾಗಿತ್ತು. ಆ ವಯಸ್ಸಿನಲ್ಲಿ ಒಬ್ಬರೇ ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

“ಎಲ್ಲಿ ನಿನ್ನ ಆರು ವರ್ಷದ ಆನೆಮರಿ? ತೋರಿಸು.”

ಸಾಲಿನ ಮುಂದಿದ್ದ ಹುಡುಗಿಯನ್ನು ಅವಳ ತಾಯಿ ಮುಂದೆ ತಳ್ಳಿದಳು. ಅತ್ತೆ ಅವಳ ಬಾಯಿ ತೆರೆಸಿ ಹಲ್ಲು ನೋಡಿದರು. ಮುಂದಿನ ಎರಡು ಹಾಲುಹಲ್ಲು ಆಗಷ್ಟೇ ಬಿದ್ದಿದ್ದವು. ಅಲ್ಲಿಗೆ ವಯಸ್ಸಿನ ವಾದ ಮುಗಿಯಿತು. “ಕೈ ಅಗಲ ಮಾಡು ಪುಟ್ಟಾ,” ಎಂದರು. ನನ್ನ ಕೊರಳಿನ ಟೇಪು ಕಿತ್ತುಕೊಂಡು ಭುಜ ಅಳೆದರು. ಮತ್ತೊಮ್ಮೆ ಅಳೆದರು. ಎದೆ, ಸೊಂಟ, ಬೆನ್ನು. ಅಚ್ಚನ್ನು ಅವಳ ಬೆನ್ನಿಗೆ ಹಿಡಿದರು. ಎರಡೂ ಕಡೆಯಿಂದ ಮಗು ಹೊರಗೆ ಕಾಣುತ್ತಿತ್ತು.

ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ಅತ್ತೆ ಅಚ್ಚನ್ನು ಮೇಜಿನ ಮೇಲೆ ಹರವಿ, ಅಂಗೈಯಿಂದ ಸುಕ್ಕು ತೆಗೆದರು. ಆ ಭುಜದಿಂದ ಈ ಭುಜಕ್ಕೆ ಬೆರಳು ಹರಿದಾಡಿತು.

“ಇಷ್ಟು ಸಣ್ಣವಿದ್ವೇನೇ ನಮ್ಮವು?” ಎಂದರು, ನನಗೊಬ್ಬಳಿಗೇ ಕೇಳುವಂತೆ. “ಪೋಸ್ಟ್‌ಮ್ಯಾನ್ ಮಕ್ಕಳು, ಬೀಗದೋನ ಮಗ, ಎಲ್ಲರೂ? ನನ್ನ ಕಣ್ಣಿಗೆ ಗಟ್ಟಿಮುಟ್ಟಾಗೇ ಕಾಣ್ತಿದ್ವಲ್ಲ.”

ನನ್ನ ಕಣ್ಣಿಗೂ ಹಾಗೇ ಕಾಣುತ್ತಿದ್ದವು. ಬೀದಿ ತುಂಬ ಓಡಾಡುತ್ತಿದ್ದ ಆ ಮಕ್ಕಳಿಗೆ ಊಟ ಸಾಲುತ್ತಿತ್ತೇ ಎಂದು ನಾವು ಯಾರೂ ಯೋಚಿಸಿದ್ದಿಲ್ಲ. ಎಲ್ಲರೂ ಒಂದೇ ಅಳತೆಯಲ್ಲಿದ್ದಾಗ ಯಾರು ಸಣ್ಣವರೆಂದು ಗೊತ್ತಾಗುವುದಾದರೂ ಹೇಗೆ?

“ಚೆನ್ನಾಗೇ ಇದ್ವು ಅತ್ತೆ,” ಎಂದೆ. “ಕೂಗಿದ್ರೆ ಮೂರು ಬೀದಿಗೆ ಕೇಳ್ತಿತ್ತು.”

“ಅದು ನಿಜ,” ಎಂದು ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರನ್ನೇ ಒರೆಸಿಕೊಂಡರೆಂದು ನಾನು ಅಂದುಕೊಂಡೆ. ಆಮೇಲೆ ಕುರ್ಚಿ ಎಳೆದು ಮೇಜಿನ ಆ ಬದಿಗೆ ಹಾಕಿಕೊಂಡರು. “ಹೊಸ ಕಾಗದ ತರಿಸು, ದಪ್ಪಂದು. ಆರು ಮುಗಿದ್ಮೇಲೆ ಏಳು, ಎಂಟು ಎಲ್ಲ ಹೊಸದಾಗಿ ತೆಗೀಬೇಕು. ದಿನಾ ಆ ಬಸ್ಸಲ್ಲಿ ಕುಲುಕಿಸಿಕೊಂಡು ಬರೋಕೆ ನನ್ನ ಮಂಡಿ ಕಬ್ಬಿಣದ್ದಲ್ಲ. ನನ್ನ ಮಗಳಿಗೆ ಹೇಳು, ಹಾಸಿಗೆ ಹಾಕ್ಲಿ. ಮೆತ್ತಗಿರ್ಲಿ. ಟೀಚರಮ್ಮಂಗೂ ಫೋನ್ ಮಾಡು, ಮೊಮ್ಮಗಳು ಬಂದ ದಿನ ಫ್ರಾಕಿನ ಉದ್ದ ನೋಡೋಕೆ ನಾನು ಅಲ್ಲಿರ್ತೀನಿ ಅಂತ.”

ನಾನು ಹ್ಞೂಂ ಎನ್ನುವಷ್ಟರಲ್ಲಿ ನಮ್ಮಿಬ್ಬರ ನಡುವಿನಿಂದ ಸಣ್ಣ ದನಿಯೊಂದು ಬಂತು. ಆ ಹುಡುಗಿ ಇನ್ನೂ ಎರಡೂ ಕೈ ಅಗಲಿಸಿಕೊಂಡೇ ನಿಂತಿದ್ದಳು.

“ಅಜ್ಜಿ, ಕೈ ಇಳಿಸ್ಲಾ?”